ಮಗ್ಗದ ಕೈಗೆ ಹಚ್ಚಿದ ಜೆಲ್

ಚರ್ಮದ ಕ್ಲಿನಿಕ್ಕಿಗೆ ಹೊಸದಾಗಿ ಸೇರುವ ನರ್ಸ್ ಹುಡುಗಿಯರಿಗೆ ಮೊದಲ ದಿನವೇ ಒಂದು ಪಾಠ ಸಿಗುತ್ತದೆ: ರೋಗಿಗಳು ಹೇಳಿದ ಮಾತು ಕೇಳುವುದಿಲ್ಲ, ಅದಕ್ಕೇ ಅವರ ಕಲೆ ಹೋಗುವುದಿಲ್ಲ. ನನಗೂ ಈ ಪಾಠ ಹೇಳಿಕೊಟ್ಟರು. ಈಗ ನಿವೃತ್ತಳಾಗಿ ಹಿಂದೂಪುರದ ಮನೆಯಲ್ಲಿ ಕೂತಿದ್ದೇನೆ. ಪಕ್ಕದ ಬೀದಿಯ ಇಬ್ಬರು ಹುಡುಗಿಯರು ನರ್ಸಿಂಗ್ ಮುಗಿಸಿ, 'ಸಿಸ್ಟರಮ್ಮ, ಸ್ಕಿನ್ ಕ್ಲಿನಿಕ್ ಕೆಲಸ ಅಂದ್ರೆ ಆರಾಮಲ್ವಾ, ರಕ್ತ ಇಲ್ಲ, ಸಾವಿಲ್ಲ' ಎಂದು ಕೇಳಲು ಬಂದಿದ್ದರು. ರಕ್ತ ಇಲ್ಲ, ನಿಜ. ಸಾವೂ ಇಲ್ಲ. ಇರುವುದೇನು ಎಂದು ಬಾಯಲ್ಲಿ ಹೇಳಲು ಹೋದರೆ ಸಿಟ್ಟು ಬಂದು ಮಾತು ತಪ್ಪುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಡಾಕ್ಟರ ಕ್ಲಿನಿಕ್ ಹಿಂದೂಪುರದಲ್ಲಿತ್ತು. ಗುರುವಾರ ಮಾತ್ರ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದೆವು. ಅಲ್ಲಿ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆ ನಮ್ಮದು. ಎಲ್ಲ ಬಗೆಯ ಚರ್ಮದ ಕಾಯಿಲೆಯವರೂ ಬರುತ್ತಿದ್ದರು, ಆದರೆ ನನ್ನ ಪಾಲಿಗೆ ಡಾಕ್ಟರು ಬಿಟ್ಟಿದ್ದು ಉಬ್ಬುಗಲೆಯವರನ್ನು. ಕೆಲವರ ಮೈಯಲ್ಲಿ ಗಾಯ ಮಾದ ಮೇಲೂ ಚರ್ಮ ಸುಮ್ಮನಿರುವುದಿಲ್ಲ. ಬೆಳೆಯುತ್ತಲೇ ಹೋಗಿ ಕೆಂಪಗೆ ಉಬ್ಬುತ್ತದೆ, ತುರಿಸುತ್ತದೆ, ಕೀಲಿನ ಮೇಲಿದ್ದರೆ ಬಿಗಿದುಕೊಂಡು ಕೈಕಾಲು ಮಡಿಸಲು ಬಿಡುವುದಿಲ್ಲ. ಸುಟ್ಟ ಗಾಯ, ಕಿವಿ ಚುಚ್ಚಿದ್ದು, ಎದೆಯ ಮೇಲಿನ ಒಂದು ಮೊಡವೆ, ಯಾವುದರಿಂದಲೂ ಶುರುವಾಗಬಹುದು. ಪ್ರಾಣಕ್ಕೆ ಅಪಾಯವಿಲ್ಲ ಅನ್ನುವುದೊಂದೇ ಕಾರಣಕ್ಕೆ ಇದನ್ನು ಯಾರೂ ದೊಡ್ಡ ಕಷ್ಟವೆಂದು ಎಣಿಸುವುದಿಲ್ಲ.

ನಾನು ಸೇರಿದ ಕಾಲಕ್ಕೆ ಇದ್ದ ಮದ್ದು ಇಂಜೆಕ್ಷನ್. ಕಲೆಯೊಳಕ್ಕೇ ಸೂಜಿ ಚುಚ್ಚಬೇಕು. ಗಟ್ಟಿ ಚರ್ಮದೊಳಗೆ ಔಷಧಿ ಇಳಿಯುವುದು ಸುಲಭವಲ್ಲ. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ನನ್ನ ಸೊಂಟ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಸಿಲಿಕೋನ್ ಹಾಳೆ ಬಂತು. ಮೆತ್ತನೆಯ ರಬ್ಬರಿನಂಥದ್ದು. ಕಲೆಯ ಮೇಲೆ ಅಂಟಿಸಿ, ತೊಳೆದು, ಮತ್ತೆ ಅಂಟಿಸಬೇಕು. ತಂಪು ಊರಿನವರಿಗೆ ಅದು ಚೆನ್ನಾಗಿತ್ತೇನೋ. ನಮ್ಮ ಬೇಸಿಗೆಯಲ್ಲಿ ಬೆವರಿಗೆ ಜಾರಿ ಬೀಳುತ್ತಿತ್ತು. ಪರಿಗಿಯ ಒಬ್ಬ ಅತ್ತೆಯ ಹಾಳೆ ಸೊಸೆ ಬಡಿಸಿಕೊಂಡ ಮುದ್ದೆಯ ತಟ್ಟೆಯಲ್ಲಿ ಸಿಕ್ಕಿ, ಆ ಮನೆಯಲ್ಲಿ ಜಗಳವೇ ಆಗಿಹೋಯಿತು. ಕೊನೆಗೆ ಟ್ಯೂಬಿನಲ್ಲಿ ಜೆಲ್ ಬಂತು. ತೆಳ್ಳಗೆ ಸವರಬೇಕು, ಒಣಗಲು ಬಿಡಬೇಕು, ಬೆಳಿಗ್ಗೆ ಒಂದು ಸಲ ರಾತ್ರಿ ಒಂದು ಸಲ, ತಿಂಗಳಾನುಗಟ್ಟಲೆ. ಇಷ್ಟೇ ಕೆಲಸ. ಇಷ್ಟೇ ಕೆಲಸ ಎಂದು ಹೇಳುವವರು ಮೇಜಿನ ಈಚೆ ಕೂತಿರುತ್ತಾರೆ, ಅದನ್ನು ಮರೆಯಬೇಡಿ.

ಎಡವಟ್ಟುಗಳು ಬೇಕಾದಷ್ಟಾದವು. ತೆಳ್ಳಗೆ ಎಂದರೆ ಜಿಪುಣತನವೆಂದು ತಿಳಿದು ಬೆಣ್ಣೆಯಂತೆ ಬಳಿದುಕೊಂಡವರಿದ್ದರು. ಅದರ ಮೇಲೆ ಅರಿಶಿನ ಹಚ್ಚಿದವರಿದ್ದರು. ಕಂಬದೂರಿನ ಒಬ್ಬ ಕುರಿಗಾಹಿಗೆ ಚಿಕ್ಕಂದಿನಲ್ಲಿ ಕಾಮಾಲೆಗೆಂದು ಹೊಟ್ಟೆಯ ಮೇಲೆ ಬರೆ ಹಾಕಿದ್ದರು. ಆ ಬರೆ ಉಬ್ಬಿ ಪಂಚೆ ಕಟ್ಟಿದರೆ ಉರಿಯುತ್ತಿತ್ತು. ಕಲ್ಯಾಣದುರ್ಗದಲ್ಲಿ ಅವನಿಗೆ ಕೊಟ್ಟ ಟ್ಯೂಬು ಮುಂದಿನ ಗುರುವಾರವೇ ಖಾಲಿ.

"ಇಷ್ಟು ಬೇಗ ಹೆಂಗಪ್ಪ ಆಗೋಯ್ತು?" ಎಂದೆ.

"ಟಗರಿನ ಹಣೆ ಒಡ್ದಿತ್ತು ಕಣಮ್ಮ, ಅದುಕ್ಕೂ ಒಂದೀಟು ಬಳ್ದೆ. ನಂಗಿಂತ ಅದುಕ್ಕೇ ಬಿರೀನ ವಾಸಿ ಆಯ್ತು" ಎಂದ.

ಹಸಿ ಗಾಯಕ್ಕೆ ಈ ಜೆಲ್ ಹಚ್ಚಬಾರದು. ಆ ವಿಷಯ ಟಗರಿಗೆ ಗೊತ್ತಿರಲಿಲ್ಲ, ವಾಸಿಯಾಯಿತು. ಡಾಕ್ಟರು ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಗು ಬರದ ಇನ್ನೊಂದು ಪದ್ಧತಿ ಇತ್ತು. ನಮ್ಮ ಕಡೆ ಚರ್ಮದ ತೊಂದರೆ ಇದ್ದವರು ತಮ್ಮ ಊರಿನ ಡಾಕ್ಟರಿಗೆ ತೋರಿಸುವುದಿಲ್ಲ. ತೊನ್ನಾಗಲಿ ಕಜ್ಜಿಯಾಗಲಿ ಬರಿಯ ಕಲೆಯಾಗಲಿ, ಜನರ ಬಾಯಲ್ಲಿ ಎಲ್ಲ ಒಂದೇ, ಎಲ್ಲವೂ ಅಂಟುರೋಗ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿ. ಅದಕ್ಕೇ ಕಲ್ಯಾಣದುರ್ಗದ ಅನುಕೂಲಸ್ಥರು ಹಿಂದೂಪುರಕ್ಕೆ ಬರುತ್ತಿದ್ದರು, ಹಿಂದೂಪುರದ ಕಡೆಯ ಅನುಕೂಲಸ್ಥರು ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದರು. ಒಬ್ಬರ ಕಣ್ಣಿಗೆ ಒಬ್ಬರು ಬೀಳದೆ ಅದಲುಬದಲಾಗುತ್ತಿದ್ದ ಈ ಎರಡು ಗುಂಪನ್ನೂ ನೋಡುತ್ತಿದ್ದವರು ಡಾಕ್ಟರು, ನಾನು, ಮತ್ತು ನಮ್ಮ ಕಾರಿನ ಡ್ರೈವರು. ಬಡವರಿಗೆ ಮಾತ್ರ ಎಲ್ಲಿ ಬಸ್ಸು ಹತ್ತಿರವೋ ಅಲ್ಲಿಯೇ ವೈದ್ಯ.

ಹಾಗೆ ಕಲ್ಯಾಣದುರ್ಗಕ್ಕೆ ಬರುತ್ತಿದ್ದವರಲ್ಲಿ ಆದಿನಾರಾಯಣಪ್ಪ ಒಬ್ಬರು. ಸೋಮಂದೇಪಲ್ಲಿಯವರು, ರೇಷ್ಮೆ ಸೀರೆಯ ದೊಡ್ಡ ಕಸುಬು. ಮನೆಮನೆಯ ಮಗ್ಗಗಳಿಗೆ ನೂಲು ಕೊಟ್ಟು, ನೇಯ್ದ ಸೀರೆ ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ಅವರ ಮಗಳು ಹರಿಣಿಗೆ ಕತ್ತಿನ ಕೆಳಗೆ, ಎದೆಯ ಮೇಲೆ, ಮೊಡವೆಯ ಜಾಗದಲ್ಲಿ ಉಬ್ಬುಗಲೆ ಎದ್ದಿತ್ತು. ಆ ತಂದೆ ಮಗಳನ್ನು ಎಷ್ಟು ಜೋಪಾನವಾಗಿ ಕರೆತರುತ್ತಿದ್ದರೆಂದರೆ ನನಗೆ ಅವರ ಮೇಲೆ ಗೌರವ ಹುಟ್ಟಿತ್ತು. ಅವಳ ಕಲೆ ಎಷ್ಟು ಇಳಿದಿದೆ ಎಂದು ಕೇಳುವರು, ತೆಳ್ಳಗೆ ಹೇಗೆ ಸವರಬೇಕೆಂದು ನನ್ನಿಂದ ಮತ್ತೆ ಮತ್ತೆ ಮಾಡಿಸಿ ನೋಡುವರು. "ಇದು ಅಂಟೋದಲ್ವಲ್ಲ ಸಿಸ್ಟರ್?" ಎಂದು ಮೊದಲ ದಿನ ಕೇಳಿದ್ದರು. ಅಲ್ಲವೇ ಅಲ್ಲ, ಒಂದೇ ಟವೆಲ್ ಬಳಸಿದರೂ ಏನೂ ಆಗುವುದಿಲ್ಲ ಎಂದಿದ್ದೆ. ಅವರ ಮುಖ ಅರಳಿತ್ತು.

ಇದೇ ಸಮಯಕ್ಕೆ ಹಿಂದೂಪುರದ ಕ್ಲಿನಿಕ್ಕಿಗೆ ನಾಗವೇಣಿ ಬಂದಳು. ಅವಳೂ ಸೋಮಂದೇಪಲ್ಲಿಯವಳೇ. ಗಂಡ ತೀರಿಕೊಂಡು, ಮನೆಯಲ್ಲಿದ್ದ ಒಂದು ಮಗ್ಗದ ಮೇಲೆ ತಾನೂ ಅತ್ತೆಯೂ ಬದುಕುತ್ತಿದ್ದರು. ರೇಷ್ಮೆಗೆ ಬಣ್ಣ ಹಾಕುವ ಕುದಿನೀರು ಬಲಗೈ ಮೇಲೆ ಚೆಲ್ಲಿ, ಮೊಣಕೈಯ ಕೆಳಗಿನಿಂದ ಮಣಿಕಟ್ಟಿನ ತನಕ ಸುಟ್ಟಿತ್ತು. ಗಾಯ ಮಾದಿತ್ತು. ಆದರೆ ಕಲೆ ಹಗ್ಗ ಸುತ್ತಿದ ಹಾಗೆ ಉಬ್ಬಿ ಮಣಿಕಟ್ಟನ್ನು ಎಳೆದು ಹಿಡಿದಿತ್ತು. ಲಾಳಿ ಓಡಿಸಲು ಹಗ್ಗ ಜಗ್ಗಬೇಕಾದ್ದು ಅದೇ ಕೈ.

"ಅಕ್ಕಾ, ಈ ಕೈ ಮಡುಸೋ ಹಂಗಾದ್ರೆ ಸಾಕು. ಚೆಂದ ಗಿಂದ ನಂಗ್ಯಾಕೆ?" ಎಂದಳು.

ಡಾಕ್ಟರು ಸರಿಯಾದ ಮದ್ದನ್ನೇ ಬರೆದರು. ಜೆಲ್, ಮೇಲೆ ಬಿಗಿಯಾದ ಪಟ್ಟಿ, ಮಣಿಕಟ್ಟಿಗೆ ದಿನವೂ ವ್ಯಾಯಾಮ. ಮೊದಲ ಕೆಲವು ವಾರ ಕಲೆ ಮೆತ್ತಗಾಯಿತು. ಆಮೇಲೆ ಮತ್ತೆ ಗಟ್ಟಿಯಾಗತೊಡಗಿತು. ಡಾಕ್ಟರು ಅವಳ ಕೈ ತಿರುಗಿಸಿ ನೋಡಿ ಗದರಿದರು.

"ಏಮ್ಮಾ, ಬೆಳಿಗ್ಗೆ ಹೊತ್ತು ಹಚ್ತಾ ಇಲ್ಲ ತಾನೇ? ಹೇಳಿದ್ದು ಕೇಳೋಕಾಗಲ್ಲ ಅಂದ್ರೆ ಇಲ್ಲಿಗ್ಯಾಕೆ ಬತ್ತೀಯ?"

ಅವಳು ತಲೆ ತಗ್ಗಿಸಿದಳು. ಹೊರಗೆ ಬಂದ ಮೇಲೆ ನನ್ನ ಹತ್ತಿರ ಬಾಯಿಬಿಟ್ಟಳು. "ಹಚ್ಕಂಡೇ ಮಗ್ಗದಾಗೆ ಕುಂತ್ರೆ ಸೀರೆಗೆ ಹತ್ತುತ್ತೆ ಕಣಕ್ಕ. ಎಳೆ ಹರಿದಾಗ ಬಗ್ಗಿ ಗಂಟು ಹಾಕ್ಬೇಕಲ್ಲ, ಮುಂಗೈ ಬಟ್ಟೆ ಮೇಲೇ ಒರಗುತ್ತೆ. ಬೆವರಿಗೆ ಪೊರೆ ಪೊರೆ ಎದ್ದು ಪಟ್ಟಿ ದಾಟಿ ಬಂದು ಸೀರೆ ಮೇಲೆ ಕಲೆ ಬಿತ್ತು. ಒಂದು ಸೀರೆ ಡ್ಯಾಮೇಜ್ ಅಂತ ವಾಪಸ್ ಬಂದ್ಬುಡ್ತು. ಅದುಕ್ಕೇ ಮಗ್ಗಕ್ಕೆ ಕೂರೋಕೆ ಮುಂಚೆ ಒದ್ದೆ ಬಟ್ಟೇಲಿ ವರೆಸ್ಕಂಡ್ಬುಡ್ತೀನಿ."

ನನ್ನ ತವರೂ ಮಗ್ಗದ ಮನೆ. ತಲೆಗೆ ಎಣ್ಣೆ ಹಾಕಿಕೊಂಡ ದಿನ ನಮ್ಮನ್ನು ಮಗ್ಗದ ಹತ್ತಿರ ಸೇರಿಸುತ್ತಿರಲಿಲ್ಲ. ರೇಷ್ಮೆಗೆ ಒಂದು ಹನಿ ಜಿಡ್ಡು ಬಿದ್ದರೂ ಆ ಜಾಗ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಡಾಕ್ಟರಿಗೆ ಹೇಳಿದೆ. ಅವರು ಒಳ್ಳೆಯ ಮೂಡಿನಲ್ಲಿದ್ದರು, ಕೇಳಿಸಿಕೊಂಡರು. "ಹಾಗಾದರೆ ಆರು ತಿಂಗಳು ನೇಯೋದು ಬಿಡಲಿ" ಎಂದರು. ಅನ್ನ ತಿನ್ನುವುದು ಬಿಡಲಿ ಎಂದಿದ್ದರೂ ಅವರ ದನಿ ಅಷ್ಟೇ ಮೃದುವಾಗಿರುತ್ತಿತ್ತು. ಅವರು ಕೆಟ್ಟವರೇನಲ್ಲ. ಮೇಜಿನ ಆಚೆ ಏನಿದೆ ಎಂದು ಬಗ್ಗಿ ನೋಡುವ ಅಭ್ಯಾಸ ಅವರಿಗಿರಲಿಲ್ಲ, ಅಷ್ಟೆ.

ನಾನು ಮತ್ತು ನಾಗವೇಣಿ ಸೇರಿ ಒಂದು ಉಪಾಯ ಮಾಡಿದೆವು. ಹಳೆಯ ಹತ್ತಿ ಬಟ್ಟೆಯಲ್ಲಿ ಮೊಣಕೈಯಿಂದ ಅಂಗೈಯವರೆಗೆ ಬರುವ ಒಂದು ತೋಳುಚೀಲ ಹೊಲಿದೆವು. ಜೆಲ್ ಒಣಗಿದ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಈ ತೋಳುಚೀಲ. ಅದನ್ನು ದಿನಕ್ಕೊಂದರಂತೆ ಒಗೆದು ಬದಲಾಯಿಸುವುದು. ಸೀರೆಗೆ ಏನೂ ಹತ್ತಲಿಲ್ಲ. ಕಲೆ ಮತ್ತೆ ಮೆತ್ತಗಾಯಿತು. ಒಂದು ದಿನ ಬಂದು ಮುಷ್ಟಿ ಹಿಡಿದು, ಮಣಿಕಟ್ಟನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ತೋರಿಸಿದಳು. ಇಬ್ಬರೂ ಔಷಧಿ ಕೋಣೆಯಲ್ಲಿ ನಿಂತು ಚಿಕ್ಕ ಹುಡುಗಿಯರ ಹಾಗೆ ನಕ್ಕೆವು. ನನ್ನ ಇಡೀ ಕೆಲಸದಲ್ಲಿ ನನಗೆ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ.

ಬಿಳಿ ತೋಳುಚೀಲ ಬೀದಿಯವರ ಕಣ್ಣಿಗೆ ಬಿತ್ತು. ಬಿಸಿಲಲ್ಲೂ ಕೈ ಮುಚ್ಚಿಕೊಂಡು ಕೂರುತ್ತಾಳಲ್ಲ, ಏನಿರಬಹುದು? ಹಿಂದೂಪುರದ ಚರ್ಮದ ಡಾಕ್ಟರ ಹತ್ತಿರ ಹೋಗುತ್ತಾಳಂತೆ. ಅಷ್ಟು ಸಾಕಾಯಿತು. ಸುಟ್ಟದ್ದನ್ನು ಕಣ್ಣಾರೆ ನೋಡಿದ್ದ ಅಕ್ಕಪಕ್ಕದವರೇ, ಸುಟ್ಟಿದ್ದಾದರೆ ಇಷ್ಟು ದಿನ ಮದ್ದು ಯಾಕೆ ಎಂದು ಕೇಳತೊಡಗಿದರು. ಹುಲ್ಲುಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಮದುವೆ ಸೀರೆ ನೇಯುವ ಕೈಗೆ ಅಂಟುರೋಗ ಎಂಬ ಮಾತು ಮಾಲೀಕರ ಮನೆ ಮುಟ್ಟಿತು. ಅವರ ಆಳುಗಳು ಬಂದು ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಕತ್ತರಿಸಿ, ಹಾಸುನೂಲನ್ನು ಸುತ್ತಿಕೊಂಡು ಹೋದರು. ಮಗ್ಗ ಅವಳದೇ, ನೂಲು ಅವರದು. ನೂಲಿಲ್ಲದ ಮಗ್ಗ ಬರೀ ಮರ.

"ಯಾರು ನಿನ್ನ ಮಾಲೀಕರು?" ಎಂದು, ಇದನ್ನು ಹೇಳಲು ಕ್ಲಿನಿಕ್ಕಿಗೆ ಬಂದಿದ್ದ ನಾಗವೇಣಿಯನ್ನು ಕೇಳಿದೆ.

"ಆದಿನಾರಾಯಣಪ್ಪನೋರು" ಎಂದಳು.

ಸತ್ಯ ಹೇಳುತ್ತೇನೆ, ಆ ಹೆಸರು ಕೇಳಿ ನನ್ನ ಜೀವಕ್ಕೆ ತಂಪಾಯಿತು. ಬೇರೆ ಯಾರಾದರೂ ಆಗಿದ್ದರೆ ಈ ಕಲೆ ಅಂಟುವುದಿಲ್ಲ ಎಂದು ತಿಳಿಹೇಳಲು ಗಂಟಲು ಹರಿದುಕೊಳ್ಳಬೇಕಿತ್ತು. ಇವರಿಗೆ ಏನೂ ಹೇಳಬೇಕಾಗಿಲ್ಲ. ಅದೇ ಜೆಲ್ ಅವರ ಮನೆಯ ಬೀರುವಿನಲ್ಲೇ ಇದೆ. ಡಾಕ್ಟರನ್ನೂ ಕರೆದೆ. "ನಮ್ಮ ಕೆಲಸ ಚರ್ಮ ಸಿಸ್ಟರ್, ಮಗ್ಗ ಅಲ್ಲ" ಎಂದರು. ನಾನೊಬ್ಬಳೇ ಸೋಮಂದೇಪಲ್ಲಿಗೆ ಬಸ್ಸು ಹತ್ತಿದೆ.

ಆದಿನಾರಾಯಣಪ್ಪ ನನ್ನನ್ನು ಬಾಗಿಲಲ್ಲಿ ಕಂಡು ಒಂದು ಗಳಿಗೆ ಬೆದರಿದರು. ಆಮೇಲೆ "ಕೂರ್ಚೋಂಡಿ ಸಿಸ್ಟರ್, ಕೂರ್ಚೋಂಡಿ" ಎಂದು ಕುರ್ಚಿ ಎಳೆದರು. ಹರಿಣಿಯೇ ಕಾಫಿ ತಂದಳು. ದುಪಟ್ಟಾವನ್ನು ಕತ್ತಿನವರೆಗೆ ಹೊದ್ದಿದ್ದಳು. ನನ್ನನ್ನು ಎಂದೂ ನೋಡಿಯೇ ಇಲ್ಲವೆಂಬಂತೆ ಲೋಟ ಇಟ್ಟು ಒಳಗೆ ಹೋದಳು. ನಾನು ನಾಗವೇಣಿಯ ವಿಷಯ ಎತ್ತಿದೆ.

"ಅದು ಸುಟ್ಟ ಕಲೆ ಅಂತ ನಂಗೊತ್ತಮ್ಮ. ಅಂಟಲ್ಲ ಅಂತಾನೂ ಗೊತ್ತು. ನಂಗೆ ನೀವು ಹೇಳ್ಬೇಕಾ?" ಎಂದರು.

"ಗೊತ್ತಿದ್ದೂ ನೂಲು ಕಿತ್ಕೊಂಡ್ರಾ?"

ಅವರು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಊರೋರ ಬಾಯಿ ನನ್ ಕೈಯಾಗೈತಾ ಸಿಸ್ಟರ್? ಹುಡ್ಗೀನ ನೋಡೋಕೆ ಸಂಬಂಧದೋರು ಬತ್ತಾ ಅವ್ರೆ. ಚರ್ಮದ ಡಾಕ್ಟ್ರು ಅನ್ನೋ ಮಾತೇ ನಮ್ಮ ಹೊಸಲತ್ರ ಸುಳೀಬಾರ್ದು. ಇವತ್ತು ಮಗ್ಗದೋಳ ಕೈ ಅಂತಾರೆ, ನಾಳೆ ಮನೆಯೋರ ಮೈ ನೋಡ್ತಾರೆ. ಮದುವೆ ಆಗೋಗ್ಲಿ, ಆಮ್ಯಾಕೆ ನೋಡಾನ."

"ಅಲ್ಲೀವರೆಗೂ ಆಕೆ ಏನು ತಿನ್ಬೇಕು?"

"ನಾನೇನು ಕೆಟ್ಟೋನಲ್ಲಮ್ಮ. ಕೈ ಪೂರ್ತಿ ವಾಸಿ ಮಾಡ್ಕಳ್ಳಿ ಮೊದ್ಲು. ನೀವೂ ಹೆಣ್ಣೆತ್ತೋರು, ನಿಮ್ಗೆ ತಿಳೀದಾ?"

ನಾಲಿಗೆಯ ತುದಿಗೆ ಬಂದ ಮಾತನ್ನು ಹೇಗೆ ನುಂಗಿದೆನೋ ನನಗೇ ಗೊತ್ತು. ಬೀದಿಯಲ್ಲಿ ನಿಂತು ಅವರ ಮಗಳ ಹೆಸರು ಹಿಡಿದು ಕೂಗಿದ್ದರೆ ನಾಗವೇಣಿಗೆ ಆದದ್ದೇ ಆ ಹುಡುಗಿಗೂ ಆಗುತ್ತಿತ್ತು. ಒಬ್ಬಳ ಕೈ ಉಳಿಸಲು ಇನ್ನೊಬ್ಬಳ ಬಾಳಿಗೆ ಬೆಂಕಿ ಇಡುವುದೆ? ರೋಗಿಯ ಗುಟ್ಟು ರಟ್ಟು ಮಾಡಬಾರದೆಂದು ನಮಗೆ ಕಲಿಸಿದ್ದಾರೆ. ಆ ನಿಯಮದಿಂದ ಯಾರ ಹೊಟ್ಟೆ ತುಂಬುತ್ತದೆ, ಯಾರ ಹೊಟ್ಟೆ ಖಾಲಿಯಾಗುತ್ತದೆ ಎಂದು ಯಾರೂ ಕಲಿಸಲಿಲ್ಲ. ನಾನು ಕಾಫಿ ಮುಟ್ಟದೆ ಎದ್ದೆ. ಅವರು ಬಾಗಿಲವರೆಗೆ ಬಂದು ಮರ್ಯಾದೆಯಿಂದಲೇ ಕಳಿಸಿಕೊಟ್ಟರು.

"ಈ ಗುರ್ವಾರ ಹುಡ್ಗಿ ಬರಾಕಾಗಲ್ಲ ಸಿಸ್ಟರ್, ನಮ್ ಡ್ರೈವರ್ ಬತ್ತಾನೆ. ಒಂದು ಟ್ಯೂಬ್ ಎತ್ತಿಟ್ಟಿರಿ" ಎಂದರು.

ಎತ್ತಿಟ್ಟೆ. ಡ್ರೈವರ್ ಬಂದು ತೆಗೆದುಕೊಂಡು ಹೋದ. ನಮ್ಮ ಕೆಲಸ ಅಂದರೆ ಇದೇ, ತಿಳಿದುಕೊಳ್ಳಿ.

ಹರಿಣಿಯ ಮದುವೆ ಚೆನ್ನಾಗಿ ಆಯಿತೆಂದು ಕೇಳಿದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಜೀವನವಿಡೀ ಕತ್ತು ಮುಚ್ಚಿಕೊಂಡೇ ಇರಬೇಕು. ಆದರೆ 'ಆಮ್ಯಾಕೆ ನೋಡಾನ' ಎಂದಿದ್ದ ಆಕೆಯ ತಂದೆ ಆಮೇಲೂ ನೋಡಲಿಲ್ಲ. ಅಷ್ಟರಲ್ಲಿ ನಾಗವೇಣಿಯ ಜಾಗಕ್ಕೆ ಬೇರೆ ಮಗ್ಗ ಸಿಕ್ಕಿತ್ತು. ಒಬ್ಬ ಮಾಲೀಕ ಬಿಟ್ಟವಳಿಗೆ ಇನ್ನೊಬ್ಬ ನೂಲು ಕೊಡುವುದಿಲ್ಲ. ಅವಳು ಅತ್ತೆಯನ್ನು ಕರೆದುಕೊಂಡು ಹಿಂದೂಪುರಕ್ಕೆ ಬಂದು, ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದಳು. ಕಂಪನಿಯವರು ಕೊಟ್ಟುಹೋಗುತ್ತಿದ್ದ ಸ್ಯಾಂಪಲ್ ಟ್ಯೂಬುಗಳನ್ನು ನಾನು ಅವಳಿಗೆ ಕೊಡುತ್ತಿದ್ದೆ. ಈಗ ಬೆಳಿಗ್ಗೆ ಹಚ್ಚಿದ್ದನ್ನು ಒರೆಸುವ, ತೋಳುಚೀಲದಲ್ಲಿ ಮುಚ್ಚುವ ಅಗತ್ಯವಿರಲಿಲ್ಲ. ಹಚ್ಚಿದ ಜೆಲ್ ಹಚ್ಚಿದ ಹಾಗೇ ಇರುತ್ತಿತ್ತು. ಕಲೆ ಇಳಿಯಿತು, ಬಣ್ಣ ತಿಳಿಯಾಯಿತು, ಮಣಿಕಟ್ಟು ಸಲೀಸಾಗಿ ಆಡತೊಡಗಿತು.

ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷ. ಮೊದಲಿನ ಫೋಟೋ, ಈಗಿನ ಫೋಟೋ ಎರಡನ್ನೂ ದೊಡ್ಡದಾಗಿ ಮಾಡಿಸಿ ಗೋಡೆಗೆ ಹಾಕಿದರು. ಮುಖವಿಲ್ಲ, ಕೈ ಮಾತ್ರ. ಬಂದವರಿಗೆಲ್ಲ ಅದನ್ನು ತೋರಿಸಿ, ಶಿಸ್ತಿನಿಂದ ಹಚ್ಚಿದರೆ ಹೀಗಾಗುತ್ತದೆ ಎನ್ನುತ್ತಿದ್ದರು. ನಾನು ಆ ಗೋಡೆಗೆ ಬೆನ್ನು ಮಾಡಿ ಕೂರುವಂತೆ ನನ್ನ ಕುರ್ಚಿಯನ್ನು ತಿರುಗಿಸಿಕೊಂಡೆ.

ನಾನು ಕೆಲಸ ಬಿಡುವುದಕ್ಕೆ ಕೆಲವೇ ದಿನಗಳ ಮುಂಚೆ ಸೋಮಂದೇಪಲ್ಲಿಯಿಂದ ಒಬ್ಬ ಹುಡುಗಿ ಬಂದಳು. ಹೊಸದಾಗಿ ಮದುವೆಯಾದವಳು, ಮಗ್ಗದ ಮನೆಗೇ ಸೊಸೆಯಾಗಿ ಬಂದವಳು. ಸ್ಟೌವ್ ಸಿಡಿದು ಅವಳ ಮುಂಗೈ ಸುಟ್ಟಿತ್ತು, ಕಲೆ ಆಗತಾನೆ ಏಳುತ್ತಿತ್ತು. ಬೆಳಿಗ್ಗೆ ರಾತ್ರಿ ಹಚ್ಚಬೇಕು ಎಂದ ಕೂಡಲೇ ಅವಳ ಮುಖ ಸಪ್ಪಗಾದದ್ದನ್ನು ಡಾಕ್ಟರು ನೋಡಿದರು. ಅಂದು ನಾಗವೇಣಿ ಕೊನೆಯ ಸಲ ತೋರಿಸಿಕೊಳ್ಳಲು ಬಂದು ಹೊರಗೆ ಕೂತಿದ್ದಳು. ಅವಳನ್ನು ಒಳಗೆ ಕರೆಸಿ, ಸೆರಗು ಸರಿಸಿ ಕೈ ಚಾಚಿಸಿ, "ನೋಡಮ್ಮ, ಇದೇ ಆ ಫೋಟೋದ ಕೈ. ನಿಮ್ಮ ಊರಿನವಳೇ. ಬೇಕಾದ್ರೆ ಕೇಳು" ಎಂದರು.

ಹುಡುಗಿ ನಾಗವೇಣಿಯ ಕೈಯನ್ನು ಮುಟ್ಟಿ ಮುಟ್ಟಿ ನೋಡಿದಳು. ಆಸೆಯಿಂದ ಅವಳ ಕಣ್ಣು ತುಂಬಿಬಂದಿತ್ತು.

"ನೀನೂ ಮಗ್ಗದೋಳಾ ಅಕ್ಕ? ಇದ್ನ ಹಚ್ಕಂಡು ಹೆಂಗೆ ನೇಯ್ತಿದ್ದೆ?" ಎಂದು ಕೇಳಿದಳು.

ನಾಗವೇಣಿ ನನ್ನ ಕಡೆ ನೋಡಲಿಲ್ಲ, ಡಾಕ್ಟರ ಕಡೆಯೂ ನೋಡಲಿಲ್ಲ. ಸೆರಗನ್ನು ಕೈಮೇಲೆ ಎಳೆದುಕೊಂಡಳು.

"ನೇಯ್ತಿರ್ಲಿಲ್ಲ ಕಣಮ್ಮ. ಅದುಕ್ಕೇ ವಾಸಿ ಆಯ್ತು" ಎಂದಳು.

ಹುಡುಗಿ ತನ್ನ ಕೈಯಲ್ಲಿದ್ದ ಟ್ಯೂಬನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.